ಬಯಲು ಕಾದವರು

ಮೈಸೂರು ಸೀಮೆಯಲ್ಲಿ ಊರ ಹೆಸರಿನ ಕೊನೆಗೆ ‘ಕಾವಲ್’ ಅಂಟಿಕೊಂಡಿದ್ದರೆ, ಅಲ್ಲಿ ಒಂದು ಕಾಲಕ್ಕೆ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲು ಇತ್ತೆಂದೇ ಲೆಕ್ಕ. ಅಮೃತ ಮಹಲ್ ರಾಸುಗಳು ಮೇಯ್ದದ್ದು ಇಂಥ ಕಾವಲುಗಳಲ್ಲೇ. ಗುಬ್ಬಿ ತಾಲ್ಲೂಕಿನ ನಮ್ಮ ಬಿದರೆಹಳ್ಳ ಕಾವಲ್ ಹೆಸರು ದೇಶದ ಕಿವಿಗೆ ಬಿದ್ದದ್ದು ಮಾತ್ರ 2023ರ ಫೆಬ್ರವರಿ 6ರಂದು, 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗ.

ಈ ಸಂಚಿಕೆಗೆ ನಾಡಿನ ದೊಡ್ಡ ಆಟಗಾರರ ಬಗ್ಗೆ ಬರೆಯಿರಿ ಎಂದಾಗ, ಈ ಕಾವಲಿನ ಕಥೆ ತಲೆಯಲ್ಲಿದ್ದುದರಿಂದಲೋ ಏನೋ, ಪದಕಗಳಿಗಿಂತ ಮೊದಲು ನೆನಪಾದದ್ದು ಅವರು ಆಡಿ ಬೆಳೆದ ಜಾಗಗಳು. ಅವುಗಳಲ್ಲಿ ಎಷ್ಟೋ ಆಟಕ್ಕೆಂದು ಕಟ್ಟಿದವೇ ಅಲ್ಲ.

ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಛತ್ರದಲ್ಲಿ. ಅಲ್ಲಿ ಮದುವೆಯೋ ಮುಂಜಿಯೋ ಇದ್ದರೆ ಆ ದಿನ ಆಟವಿಲ್ಲ. ಸಮಾರಂಭ ಇಲ್ಲವೆಂದು ತಿಳಿದ ದಿನ ಶಾಲೆ ಬಿಟ್ಟೊಡನೆ ಹುಡುಗ ಅಲ್ಲಿಗೆ ಓಡುತ್ತಿದ್ದ. ಜೊತೆಗೆ ತಂದೆ ರಮೇಶ್ ಪಡುಕೋಣೆ ಇದ್ದರು, ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಆ ಹುಡುಗ 1980ರ ಮಾರ್ಚ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯನಾದ.

ಜಾಗದ ಕೊರತೆಯಂತೆ ಮೈಯ ಕೊರತೆಯೂ ಉಂಟು. ಮೈಸೂರಿನ ಬಿ.ಎಸ್. ಚಂದ್ರಶೇಖರ್‌ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊದಿಂದ ಸೊರಗಿತ್ತು. ಚೆಂಡನ್ನು ಎಡಗೈಯಲ್ಲಿ ಎತ್ತಿ ಎಸೆಯುತ್ತಿದ್ದ ಅವರು ಬೌಲಿಂಗ್ ಮಾಡುತ್ತಿದ್ದದ್ದು ಅದೇ ಸೊರಗಿದ ಬಲಗೈಯಲ್ಲಿ. 1971ರಲ್ಲಿ ಓವಲ್‌ ಅಂಗಳದಲ್ಲಿ ಆ ಕೈ 38 ರನ್‌ಗೆ 6 ವಿಕೆಟ್ ಕಿತ್ತಿತು. ಇಂಗ್ಲೆಂಡ್ 101ಕ್ಕೆ ಮಲಗಿತು, ಆ ನೆಲದಲ್ಲಿ ಭಾರತ ಮೊದಲ ಸಲ ಸರಣಿ ಗೆದ್ದಿತು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ದಾಟಿ ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಪದಕ ಅದೊಂದೇ.

ಹಳಬರನ್ನೂ ಮರೆಯುವಂತಿಲ್ಲ. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದ ಪಿ.ಡಿ. ಚೌಗುಲೆ ಬೆಳಗಾವಿಯವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಫುಟ್ಬಾಲ್ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಆ ತಂಡದಲ್ಲಿದ್ದ ಅಹ್ಮದ್ ಖಾನ್ ಬೆಂಗಳೂರಿಗರು. ಇತ್ತ 2025ರ ಜನವರಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು.

ಇಲ್ಲದ್ದರಲ್ಲೇ ಗೆದ್ದರು ಎಂದು ಇವರನ್ನು ಹೊಗಳಿ ಕೈ ತೊಳೆದುಕೊಳ್ಳುವುದು ಸುಲಭ. ಛತ್ರದ ಬಾಗಿಲು ತೆಗೆಯಲು ಯಾರೋ ಒಪ್ಪಿದ್ದರು ಎನ್ನುವುದೇ ಆಗ ಮರೆತುಹೋಗುತ್ತದೆ. ಕೊಡಗನ್ನು ನೋಡಿ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ತಂದ ಹಾಕಿ ತಂಡದ ನಾಯಕ ಎಂ.ಪಿ. ಗಣೇಶ್ ಅಲ್ಲಿಯವರು, 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಅನ್ನು 43ರ ವಯಸ್ಸಿನಲ್ಲಿ ಗೆದ್ದ ರೋಹನ್ ಬೋಪಣ್ಣ ಬೆಳೆದದ್ದೂ ಅಲ್ಲೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ 360. ವರ್ಷಕ್ಕೊಂದು ಮನೆತನ ಮುಂದೆ ನಿಂತು ಹಬ್ಬ ನಡೆಸುತ್ತದೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ. ಆಟಗಾರರು ಅಲ್ಲಿ ಮತ್ತೆ ಮತ್ತೆ ಹುಟ್ಟುವುದರಲ್ಲಿ ಏನು ಸೋಜಿಗ?

ನಮ್ಮ ಕಡೆಯ ಶಾಲಾ ಬಯಲುಗಳಲ್ಲಿ ಕ್ರೀಡಾಕೂಟಕ್ಕೆ ಮೊದಲ ಸಂಜೆ ಒಂದು ಕೆಲಸ ನಡೆಯುತ್ತದೆ. ಮಕ್ಕಳು ಸಾಲಾಗಿ ಬಗ್ಗಿ ಕಲ್ಲು, ಮುಳ್ಳು ಆರಿಸುತ್ತಾರೆ. ಆಮೇಲೆ ಗೂಟಕ್ಕೆ ಹಗ್ಗ ಕಟ್ಟಿ, ಹಗ್ಗದ ಗುಂಟ ಸುಣ್ಣದ ಪುಡಿ ಉದುರಿಸಿ ಕಬಡ್ಡಿ ಅಂಕಣ ಬರೆಯುತ್ತಾರೆ. ಮರುದಿನ ಮಧ್ಯಾಹ್ನಕ್ಕೆ ಆ ಗೆರೆ ಮಕ್ಕಳ ಮೊಣಕಾಲು, ಬೆನ್ನು, ಚಡ್ಡಿಯ ಮೇಲಿರುತ್ತದೆ. ಕೂಟ ಮುಗಿದ ವಾರದಲ್ಲೇ ಅದೇ ಬಯಲಿನಲ್ಲಿ ರಾಗಿ ತೆನೆ ಒಣಗುತ್ತದೆ, ಜಲ್ಲಿ ರಾಶಿ ಬೀಳುತ್ತದೆ.

ರಾಗಿ ಒಣಗಲಿ, ಬೇಡವೆನ್ನುವವರು ಯಾರು? ಒಣಗಿದ ಮೇಲೆ ಎತ್ತಿದರೆ ಸಾಕು. ಜಲ್ಲಿ ಹಾಗೆ ಏಳುವುದಿಲ್ಲ. ದನಗಳ ಹುಲ್ಲಿಗೂ ಹಿಂದೆ ಕಾವಲಿತ್ತು. ಹೆಲಿಕಾಪ್ಟರಿಗೆ ಈಗ ಇದೆ. ಮಕ್ಕಳ ಸುಣ್ಣದ ಗೆರೆಗೆ ಕಾವಲಿರಬೇಕಾದವರು ಊರಿನವರೇ, ಅಂದರೆ ನಾವೇ.