ಕಡ ತಂದ ರಸ್ತೆ

ವೀಕೆಂಡಿಗೆ ಚಿಕ್ಕಮಗಳೂರಿಗೆ ಹೋಗಿ ಬಂದವರಿಗೆ ಕಾಫಿ ತೋಟದೊಳಗಿನ ಮಣ್ಣುದಾರಿ ಗೊತ್ತೇ ಇರುತ್ತದೆ. ಎದುರಿಗೊಂದು ಜೀಪು ಬಂದರೆ ಯಾರಾದರೊಬ್ಬರು ರಿವರ್ಸ್ ಹೋಗಲೇಬೇಕು. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಭಾರತದ ಸುತ್ತು 2016 ಮತ್ತು 2017ರಲ್ಲಿ ನಡೆದದ್ದು ಅಂಥ ದಾರಿಗಳಲ್ಲೇ. ಎರಡೂ ವರ್ಷ ಆ ಚಾಂಪಿಯನ್‌ಶಿಪ್ ಗೆದ್ದವರು ದೆಹಲಿಯ ಗೌರವ್ ಗಿಲ್. 2013ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯರೂ ಅವರೇ. ಇಷ್ಟು ದೊಡ್ಡ ಪಂದ್ಯಕ್ಕೆ ಒಳ್ಳೆ ಹೈವೇ ಬಿಟ್ಟು ತೋಟದ ದಾರಿ ಯಾಕೆ ಬೇಕಿತ್ತು?

ರೇಸಿಗೆ ತನ್ನದೇ ಟ್ರ್ಯಾಕ್ ಇರುತ್ತದೆ, ಸುತ್ತ ಬೇಲಿ ಇರುತ್ತದೆ. ರ‍್ಯಾಲಿಗೆ ಸ್ವಂತದ ರಸ್ತೆಯೇ ಇಲ್ಲ. ಊರವರ ರಸ್ತೆಯನ್ನು ಕೆಲವು ಗಂಟೆ ಕಡ ತಗೊಂಡು, ಓಡಿ, ವಾಪಸ್ ಕೊಟ್ಟು ಹೋಗುವ ಆಟ ಅದು. 1911ರ ಮೊದಲ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಈ ಕಡ ಯಾರಿಗೂ ಭಾರವಾಗಲಿಲ್ಲ. ಯುರೋಪಿನ ಬೇರೆ ಬೇರೆ ಊರುಗಳಿಂದ ಹೊರಟು ಚಳಿಗಾಲದಲ್ಲಿ ಮಾಂಟೆ ಕಾರ್ಲೊ ಮುಟ್ಟಬೇಕಿತ್ತು, ಅಷ್ಟೇ. ಕಾರು ಎಷ್ಟು ಚಂದ ಇದೆ, ಯಾವ ಸ್ಥಿತಿಯಲ್ಲಿ ಬಂದು ನಿಂತಿತು ಅನ್ನುವುದಕ್ಕೂ ಅಂಕ ಇತ್ತು. ಮದುವೆ ದಿಬ್ಬಣಕ್ಕೂ ಅದಕ್ಕೂ ಬಹಳ ವ್ಯತ್ಯಾಸ ಇರಲಿಲ್ಲ ಅಂತ ನನ್ನ ಅನಿಸಿಕೆ. ನಮ್ಮಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ಶುರುವಾದದ್ದು 1970ರ ದಶಕದಲ್ಲಿ, ಫಿಯೆಟ್ ಮತ್ತು ಅಂಬಾಸಿಡರ್ ಕಾಲದಲ್ಲಿ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಹುಟ್ಟಿದ್ದು 1973ರಲ್ಲಿ.

ಈಗಿನ ರ‍್ಯಾಲಿ ಎರಡು ಥರದ ರಸ್ತೆಗಳ ಮೇಲೆ ನಡೆಯುತ್ತದೆ. ಸ್ಪೆಷಲ್ ಸ್ಟೇಜ್ ಅಂದರೆ ಜನರ ಓಡಾಟ ನಿಲ್ಲಿಸಿ ಮುಚ್ಚಿದ ರಸ್ತೆ. ಅಲ್ಲಿ ಒಂದೊಂದೇ ಕಾರನ್ನು ಒಂದೆರಡು ನಿಮಿಷ ಬಿಟ್ಟು ಬಿಟ್ಟು ಕಳಿಸುತ್ತಾರೆ. ಪೈಪೋಟಿ ಗಡಿಯಾರದ ಜೊತೆ. ಎಲ್ಲಾ ಸ್ಟೇಜುಗಳ ಸಮಯ ಕೂಡಿಸಿ, ಕಡಿಮೆ ಯಾರದ್ದೋ ಅವರು ಗೆದ್ದಂತೆ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಮಾತ್ರ ಅದೇ ಕಾರು ನಂಬರ್ ಪ್ಲೇಟ್ ಹಾಕಿಕೊಂಡು, ಸಿಗ್ನಲ್ಲಿಗೆ ನಿಂತು, ನಿಮ್ಮ ಆಫೀಸ್ ಕ್ಯಾಬಿನ ಹಿಂದೆ ಸಾಲಿನಲ್ಲಿ ಬರಬೇಕು. ಮುಂದಿನ ಕಂಟ್ರೋಲಿಗೆ ತಡವಾಗಿ ಬಂದರೆ ದಂಡ. ತಮಾಷೆ ಅಂದರೆ ಮುಂಚೆ ಬಂದರೂ ದಂಡ, ಅದೂ ಹೆಚ್ಚಿನ ದಂಡ. ರಿಪೇರಿಗೆ ಸರ್ವಿಸ್ ಪಾರ್ಕಿನಲ್ಲಿ ಲೆಕ್ಕದ ನಿಮಿಷ. ನಡುದಾರಿಯಲ್ಲಿ ಕೆಟ್ಟರೆ ಕಾರಿನಲ್ಲಿರುವ ಇಬ್ಬರೇ, ಕಾರಿನಲ್ಲಿರುವ ಸಾಮಾನಿನಿಂದಲೇ ಸರಿಮಾಡಿಕೊಳ್ಳಬೇಕು.

ಆ ಇಬ್ಬರಲ್ಲಿ ನನಗೆ ಕುತೂಹಲ ಎರಡನೆಯವರ ಮೇಲೆ. ರಸ್ತೆ ಪರರದ್ದು, ಆದ್ದರಿಂದ ಟ್ರ್ಯಾಕಿನ ಹಾಗೆ ನೂರು ಸಲ ಓಡಿಸಿ ಬಾಯಿಪಾಠ ಮಾಡಲು ಆಗುವುದಿಲ್ಲ. ಪಂದ್ಯಕ್ಕೆ ಮುಂಚೆ ನಿಧಾನವಾಗಿ, ಸಾಮಾನ್ಯವಾಗಿ ಎರಡೇ ಸಲ, ಓಡಿಸಿ ನೋಡಬಹುದು. ಆಗ ಚಾಲಕರು ಹೇಳುತ್ತಾರೆ, ಕೋ-ಡ್ರೈವರ್ ಬರೆದುಕೊಳ್ಳುತ್ತಾರೆ. ಪಂದ್ಯದ ದಿನ ಅದು ತಿರುಗುಮುರುಗು: 'ಎಡಕ್ಕೆ ಮೂರು, ನೂರು ಮೀಟರ್, ದಿಬ್ಬ ದಾಟಿ ಬಲಕ್ಕೆ ಐದು' ಅಂತ ಇವರು ಓದುತ್ತಾರೆ, ಅವರು ಇನ್ನೂ ಕಣ್ಣಿಗೆ ಬೀಳದ ತಿರುವನ್ನು ನಂಬಿ ಆಕ್ಸಿಲರೇಟರ್ ಒತ್ತುತ್ತಾರೆ. ಈ ಪದ್ಧತಿಗೆ ಹೆಸರು ಬಂದದ್ದು 1955ರಲ್ಲಿ, ಇಟಲಿಯ ಮಿಲ್ಲೆ ಮಿಲ್ಯಾ ಎಂಬ ಸಾವಿರ ಮೈಲಿಯ ರಸ್ತೆ ರೇಸಿನಲ್ಲಿ. ಸ್ಟರ್ಲಿಂಗ್ ಮಾಸ್ ಪಕ್ಕ ಕೂತ ಪತ್ರಕರ್ತ ಡೆನಿಸ್ ಜೆಂಕಿನ್ಸನ್ ಇಡೀ ದಾರಿಯನ್ನು ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದು, ಡಬ್ಬಿಯೊಳಗೆ ಸುತ್ತಿಟ್ಟುಕೊಂಡಿದ್ದರು. ಎಂಜಿನ್ ಸದ್ದಿನಲ್ಲಿ ಮಾತು ಕೇಳದ್ದಕ್ಕೆ ಎಲ್ಲಾ ಕೈಸನ್ನೆಯಲ್ಲೇ. ಹತ್ತು ಗಂಟೆ ಚಿಲ್ಲರೆಯಲ್ಲಿ ಗೆದ್ದರು.

ನಮ್ಮ ಕಾಲದ ಜೆಂಕಿನ್ಸನ್ ಕಾಸರಗೋಡಿನ ಮೊಗ್ರಾಲಿನವರು. ಮೂಸಾ ಶರೀಫ್ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದ ಕೋ-ಡ್ರೈವರ್. ಚಾಲಕರ ಹೆಸರು ಕೇಳಿದವರಲ್ಲಿ ಎಷ್ಟು ಜನ ಇವರ ಹೆಸರು ಕೇಳಿದ್ದೀರಿ? ಕುರುಕ್ಷೇತ್ರದಲ್ಲಿ ಲಗಾಮು ಹಿಡಿದವನೇ ದಾರಿಯನ್ನೂ ಹೇಳಿದ. ಇಲ್ಲಿ ಸ್ಟೀರಿಂಗ್ ಹಿಡಿದವರು ಕೇಳುವವರು, ಪಕ್ಕದವರು ಹೇಳುವವರು. ಮೋಟಾರ್ ಕ್ರೀಡೆಗೆ ಮೊದಲ ಅರ್ಜುನ ಪ್ರಶಸ್ತಿ ಬಂದದ್ದೂ ಚಾಲಕರಿಗೇ, 2019ರಲ್ಲಿ ಗಿಲ್ ಅವರಿಗೆ.

ಆದರೆ ಆ ಪುಸ್ತಕದಲ್ಲಿ ತಿರುವು, ದಿಬ್ಬ, ಕಲ್ಲು ಎಲ್ಲಾ ಬರೆಯಬಹುದು, ಜನರನ್ನು ಬರೆಯಲಾಗುವುದಿಲ್ಲ.

ದೀಪಾವಳಿ ಬಂತಂದ್ರ ನಮ್ಮ ಹೊಸರಿತ್ತಿ, ಹಾವೇರಿ, ಬ್ಯಾಡಗಿ ಸುತ್ತ ಹೋರಿ ಹಬ್ಬ. ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವಿನ ಓಣಿಯಲ್ಲೇ ನುಗ್ಗುತ್ತದೆ. ದೂರ ನಿಂತು ನೋಡಿದವನು ನೋಡಿದಂಗ ಅಲ್ಲ, ಕೈ ತಾಗಿಸಬೇಕು. 1980ರ ದಶಕದ ಪೋರ್ಚುಗಲ್ ರ‍್ಯಾಲಿಯ ವಿಡಿಯೊ ನೋಡಿದರೆ ಹಾವೇರಿಯವರಿಗೆ ಏನೂ ವಿವರಿಸಬೇಕಿಲ್ಲ. ರಸ್ತೆ ತುಂಬ ಜನ, ಕಾರು ಹತ್ತಿರ ಬಂದಾಗ ಸೀಳಿಕೊಂಡು ದಾರಿ ಬಿಡುತ್ತಾರೆ, ಕೆಲವರು ಕಾರನ್ನೇ ಮುಟ್ಟಲು ಕೈ ಚಾಚುತ್ತಾರೆ. ಅದು 'ಗ್ರೂಪ್ ಬಿ' ಕಾರುಗಳ ಕಾಲ, ಶಕ್ತಿಗೆ ಹೆಚ್ಚು ಕಡಿವಾಣ ಇರದ ಕಾಲ. 1986ರ ಮಾರ್ಚಿನಲ್ಲಿ ಅಲ್ಲಿ ಒಂದು ಫೋರ್ಡ್ ಆರ್‌ಎಸ್ 200 ಜನರ ಮೇಲೆ ನುಗ್ಗಿ ಮೂವರು ಸತ್ತರು, ಹಲವರು ಗಾಯಗೊಂಡರು. ದೊಡ್ಡ ತಂಡಗಳು ಪಂದ್ಯ ಬಿಟ್ಟು ಹೊರನಡೆದವು. ಎರಡೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದ ರ‍್ಯಾಲಿಯಲ್ಲಿ ಹೆನ್ರಿ ಟೊಯಿವೊನೆನ್ ಮತ್ತು ಕೋ-ಡ್ರೈವರ್ ಸೆರ್ಜಿಯೊ ಕ್ರೆಸ್ಟೊ ಕಾರಿನ ಬೆಂಕಿಯಲ್ಲಿ ತೀರಿಕೊಂಡರು. ಮುಂದಿನ ವರ್ಷದಿಂದ ಗ್ರೂಪ್ ಬಿ ಇರಲಿಲ್ಲ.

ಇಂದು ಸ್ಟೇಜಿನುದ್ದಕ್ಕೂ ಮಾರ್ಷಲ್‌ಗಳು ನಿಲ್ಲುತ್ತಾರೆ. ಮೊದಲ ಸ್ಪರ್ಧಿಗೆ ಮುಂಚೆ ರಸ್ತೆ ಖಾಲಿ ಇದೆಯಾ ಅಂತ 'ಝೀರೊ' ಕಾರು ಹೋಗಿ ನೋಡುತ್ತದೆ. ಇಷ್ಟಾದರೂ 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡ್‌ಮೇರ್ ಜಿಲ್ಲೆಯಲ್ಲಿ, ರಾಷ್ಟ್ರೀಯ ರ‍್ಯಾಲಿಯ ಸ್ಟೇಜಿನೊಳಗೆ, ಒಂದೇ ಬೈಕಿನಲ್ಲಿದ್ದ ಗಂಡ, ಹೆಂಡತಿ, ಮಗ ಮೂವರೂ ರ‍್ಯಾಲಿ ಕಾರಿಗೆ ಸಿಕ್ಕಿ ಸತ್ತರು. ಕಾರಿನಲ್ಲಿದ್ದವರು ಗಿಲ್ ಮತ್ತು ಶರೀಫ್, ಇಬ್ಬರಿಗೂ ಗಾಯ. ಪಂದ್ಯ ಅಲ್ಲಿಗೇ ರದ್ದಾಯಿತು. ತಡೆ ಸರಿಯಾಗಿತ್ತೋ ಇಲ್ಲವೋ ಅನ್ನುವ ವಾದ ಒಂದು ಕಡೆ ಇರಲಿ. ಸ್ಟೇಜಿಗೆ ಅದು ಮುಚ್ಚಿದ ರಸ್ತೆ. ಬೈಕಿನಲ್ಲಿದ್ದವರಿಗೆ ಬಹುಶಃ ದಿನಾ ಓಡಾಡುವ ದಾರಿ.

ತೋಟದ ದಾರಿ ಯಾಕೆ ಅಂದಿರಲ್ಲ, ಇದಕ್ಕೇ. ಊರ ರಸ್ತೆಯಾದರೆ ಊರಿನವರೆಲ್ಲರನ್ನೂ ಒಪ್ಪಿಸಬೇಕು, ತಡೆಯಬೇಕು. ಎಸ್ಟೇಟಿನ ದಾರಿ ಖಾಸಗಿ. ಮಾಲೀಕರು ಒಪ್ಪಿ ಗೇಟ್ ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ಉಳಿದ ಕಾಲು ಭಾಗ ತೋಟದೊಳಗೇ ಇದೆ. ಅಲ್ಲಿ ಕೆಲಸದವರ ಲೈನ್ ಮನೆಗಳಿವೆ, ಮಕ್ಕಳಿದ್ದಾರೆ, ಅಂಗಡಿಗೆ ಹೋಗಲು ಅವರಿಗಿರುವುದೂ ಅದೇ ಮಣ್ಣುದಾರಿ. ಝೀರೊ ಕಾರು ಹೊರಡುವ ಮುಂಚೆ ಆ ಒಂದೊಂದು ಮನೆಗೂ ಯಾರಾದರೂ ಹೋಗಿ ಹೇಳಿರಬೇಕು.