ಪಿಟೀಲು, ಹಾರ್ಮೋನಿಯಂ ಮತ್ತು ಮೇಳದ ಗುರುತನ: ಚೌಡಯ್ಯನವರಿಂದ ಗುಬ್ಬಿ ಕಂಪನಿಯವರೆಗೆ

ಪಾಶ್ಚಾತ್ಯರ ‘ಚೇಂಬರ್ ಸಂಗೀತ’ವೆಂದರೆ ಬೆರಳೆಣಿಕೆಯ ವಾದಕರು, ಕೋಲು ಹಿಡಿದ ನಿರ್ದೇಶಕನಿಲ್ಲದೆ, ಒಬ್ಬೊಬ್ಬರು ಒಂದೊಂದು ಸ್ವರಪಂಕ್ತಿಯ ಹೊಣೆ ಹೊತ್ತು ನುಡಿಸುವ ಸಂಗೀತ, ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ಸೇರಿದ ಚತುಷ್ಟಯ ಅದರ ಪ್ರಸಿದ್ಧ ರೂಪ. ಇಂಥ ತಂಡಗಳನ್ನು ತಿದ್ದಿ ಬೆಳೆಸುವುದು ಅಲ್ಲಿಯ ಹಿರಿಯ ಪಿಟೀಲುವಾದಕರ ವೃತ್ತಿಯ ಒಂದು ಭಾಗ. ಹಳೆಯ ಮೈಸೂರು ಸೀಮೆಯಲ್ಲಿ ಇದೇ ಹೊಣೆ ಎರಡು ವಾದ್ಯಗಳಿಗೆ ಹಂಚಿಹೋಯಿತು: ಕಚೇರಿಯಲ್ಲಿ ಅದು ಪಿಟೀಲಿನದಾದರೆ, ನಾಟಕ ಕಂಪನಿಯಲ್ಲಿ ಹಾರ್ಮೋನಿಯಂನದು. ಮೊದಲನೆಯದಕ್ಕೆ ತಿರುಮಕೂಡಲು ಚೌಡಯ್ಯನವರ (1895–1967) ಜೀವನವೂ ಎರಡನೆಯದಕ್ಕೆ ಗುಬ್ಬಿ ಕಂಪನಿಯ ಚರಿತ್ರೆಯೂ ಸಾಕ್ಷಿಯಾಗಿವೆ.

ಬಿಡಾರಂ ಕೃಷ್ಣಪ್ಪನವರಲ್ಲಿ ಗುರುಕುಲವಾಸ ಮಾಡಿದ ಚೌಡಯ್ಯನವರು ಬಹುಕಾಲ ಪಕ್ಕವಾದ್ಯಗಾರರಾಗಿಯೇ, ಅಂದರೆ ಗಾಯಕನ ಪಕ್ಕದಲ್ಲಿ ಕುಳಿತು ಅವನ ಮನೋಧರ್ಮವನ್ನು, ಆ ಕ್ಷಣದಲ್ಲಿ ಹುಟ್ಟುವ ರಾಗವಿಸ್ತಾರವನ್ನು, ಹಿಂಬಾಲಿಸುವವರಾಗಿಯೇ ಹೆಸರು ಮಾಡಿದರು. ಧ್ವನಿವರ್ಧಕವಿಲ್ಲದ ಆ ಕಾಲದ ಸಭೆಗಳಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲವಾದ್ದರಿಂದ, ಅವರು ಮೂರು ತಂತಿಗಳಿಗೆ ಒಂದು ಸ್ಥಾಯಿಯ ಅಂತರದ ಜೊತೆತಂತಿಗಳನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಕಮಾನು ಒಮ್ಮೆ ಎಳೆದರೆ ಎರಡು ತಂತಿಗಳು ಒಟ್ಟಿಗೆ ನುಡಿಯಬೇಕು, ಎಡಗೈಯ ಒಂದೇ ಬೆರಳು ಎರಡನ್ನೂ ಸಮನಾಗಿ ಒತ್ತಬೇಕು, ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ ಇಮ್ಮಡಿಯಾಗಿ ಕೇಳುತ್ತದೆ. ಆ ವಾದ್ಯವನ್ನು ಕೈಗೆತ್ತಿಕೊಂಡವರು ವಿರಳವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಉಳಿಸಿಕೊಂಡು ಬಂದವರು ಅವರ ಶಿಷ್ಯರಾದ ಆರ್. ಆರ್. ಕೇಶವಮೂರ್ತಿಯವರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ನಡೆಸಿದ ಚೌಡಯ್ಯನವರಿಗೆ 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಸಂದಿತು. ಪಕ್ಕವಾದ್ಯದ ಸ್ಥಾನದಲ್ಲಿದ್ದುಕೊಂಡೇ ಕಚೇರಿಯ ಮಟ್ಟವನ್ನು ಎತ್ತಿದ್ದು ಈ ಬಿರುದಿಗಿಂತ ದೊಡ್ಡ ಸಾಧನೆಯೆಂದೇ ಹೇಳಬೇಕಾಗುತ್ತದೆ.

ಇನ್ನು ಗುಬ್ಬಿ ಕಂಪನಿಯ ತವರಾದ ತುಮಕೂರು ಸೀಮೆಯಲ್ಲಿ ಮೇಳವನ್ನು ಮುನ್ನಡೆಸುವ ಕಲ್ಪನೆ ಇದಕ್ಕಿಂತ ಹಳೆಯದು. ಜಿಲ್ಲೆಯ ಮೂಡಲಪಾಯ ಯಕ್ಷಗಾನದಲ್ಲಿ, ಅಂದರೆ ಬಯಲುಸೀಮೆಯ ಯಕ್ಷಗಾನ ಪ್ರಭೇದದಲ್ಲಿ, ಮದ್ದಳೆ ಮತ್ತು ಮುಖವೀಣೆಗಳನ್ನು ಅಂಕೆಯಲ್ಲಿಟ್ಟುಕೊಂಡು ಆಟ ನಡೆಸುವವನು ಭಾಗವತ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಒಡೆತನದಲ್ಲಿ ನಾಡಿನ ಅತಿ ದೊಡ್ಡ ಕಂಪನಿಯಾಗಿ ಬೆಳೆಯುವ ಹೊತ್ತಿಗೆ, ವೃತ್ತಿರಂಗಭೂಮಿಯಲ್ಲಿ ಭಾಗವತನ ಜಾಗಕ್ಕೆ ಹಾರ್ಮೋನಿಯಂ ಮೇಷ್ಟರು ಬಂದು ಕುಳಿತಿದ್ದರು. ತುಮಕೂರಿಗೆ ಸಮೀಪದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳಂಥ ಕವಿಗಳು ಬರೆದ ರಂಗಗೀತೆಗಳನ್ನು ಒಂದು ‘ಮಟ್ಟಿ’ಗೆ, ಅಂದರೆ ಆಗಲೇ ಜನರ ಕಿವಿಯಲ್ಲಿದ್ದ ಕರ್ನಾಟಕ, ಹಿಂದೂಸ್ತಾನಿ ಅಥವಾ ಪಾರ್ಸಿ ನಾಟಕದ ಧಾಟಿಗೆ, ಕೂಡಿಸುವುದು, ನಟನ ಕಂಠಕ್ಕೆ ಒಗ್ಗುವ ಶ್ರುತಿ ಹಿಡಿಯುವುದು, ಹಾಡಲು ಬಾರದ ಹುಡುಗರನ್ನು ಪಳಗಿಸುವುದು ಎಲ್ಲವೂ ಮೇಷ್ಟರ ಪಾಲಿನ ಕೆಲಸವಾಗಿತ್ತು. ಸಭಿಕರು ‘ಒನ್ಸ್ ಮೋರ್’ ಎಂದು ಕೂಗಿದೊಡನೆ ನಟನ ಮುಖ ನೋಡಿ, ತಬಲದವನಿಗೆ ಕಣ್ಸನ್ನೆ ಮಾಡಿ, ಪಲ್ಲವಿಗೆ ಮರಳುವ ಜಾಣ್ಮೆ ಯಾವ ಚತುಷ್ಟಯದ ಹೊಂದಾಣಿಕೆಗೂ ಕಡಿಮೆಯದಲ್ಲ. ಅಂಥ ಮೇಳದಲ್ಲಿ ಪಿಟೀಲು, ಕ್ಲಾರಿಯೊನೆಟ್ ಸೇರಿದರೂ ಅವು ಎರಡನೆಯ ಸಾಲಿನವು.

ಈ ಎರಡು ಕವಲುಗಳ ನಡುವಿನ ಮೇಲುಕೀಳನ್ನು ಗಟ್ಟಿಗೊಳಿಸಿದ್ದು ರೇಡಿಯೋ. ಸ್ಥಿರ ಸ್ವರಗಳ ಹಾರ್ಮೋನಿಯಂನಲ್ಲಿ ಗಮಕ, ಅಂದರೆ ಸ್ವರಗಳ ನಡುವಿನ ಜಾರು ಮತ್ತು ಕಂಪನ, ಹೊರಡದೆಂಬ ಕಾರಣಕ್ಕೆ ಅಖಿಲ ಭಾರತ ರೇಡಿಯೋ 1940ರಲ್ಲಿ ಅದನ್ನು ಬಹಿಷ್ಕರಿಸಿತು. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಈ ನಡುವೆ, 1952ರಲ್ಲಿ ದೆಹಲಿ ಆಕಾಶವಾಣಿಯಲ್ಲಿ ವಾದ್ಯವೃಂದ ಆರಂಭವಾದಾಗ ಅದರ ನೇತೃತ್ವದಲ್ಲಿ ಪಂಡಿತ ರವಿಶಂಕರರ ಜೊತೆ ನಿಂತವರು ಪಿಟೀಲು ವಿದ್ವಾಂಸ ಟಿ. ಕೆ. ಜಯರಾಮ ಅಯ್ಯರ್. ಗಮಕದ ವಾದ ಶಾಸ್ತ್ರೀಯವಾಗಿ ಸರಿಯೆನಿಸಿದರೂ, ಒಂದು ಇಡೀ ಶಿಕ್ಷಣಕ್ರಮವನ್ನು ಅದು ಬಾಗಿಲಾಚೆ ನಿಲ್ಲಿಸಿತು.

ಆ ಶಿಕ್ಷಣದ ಫಲವನ್ನು ಬಿ. ವಿ. ಕಾರಂತರಲ್ಲಿ ಕಾಣಬಹುದು. ಬಾಲಕರಾಗಿ ಗುಬ್ಬಿ ಕಂಪನಿಗೆ ಸೇರಿದ ಅವರನ್ನು ವೀರಣ್ಣನವರೇ ಕಾಶಿಗೆ ಓದಲು ಕಳುಹಿಸಿದರು. ಅಲ್ಲಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಕಲಿತ ಕಾರಂತರು ಮುಂದೆ ರಂಗಸಂಗೀತದ ಸ್ವರೂಪವನ್ನೇ ಬದಲಿಸಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಕಚೇರಿ ವಿದ್ವಾಂಸರ ಗುರುಪರಂಪರೆಯನ್ನಷ್ಟೇ ದಾಖಲಿಸುವ ನಮ್ಮ ಸಂಗೀತ ಚರಿತ್ರೆಗಳು ಕಂಪನಿ ಮೇಷ್ಟರ ಪರಂಪರೆಗೂ ಒಂದು ಅಧ್ಯಾಯವನ್ನು ಮೀಸಲಿಡಬೇಕು. ಗುಬ್ಬಿ, ತುಮಕೂರಿನ ಹಳೆಯ ಮನೆಗಳಲ್ಲಿ ರಂಗಗೀತೆಗಳ ಪುಸ್ತಕಗಳೋ ನಾಟಕದ ಕರಪತ್ರಗಳೋ ಇದ್ದರೆ ಅವು ರದ್ದಿಗೆ ಹೋಗುವ ಮುನ್ನ ಗ್ರಂಥಾಲಯಗಳಿಗೆ ಸೇರಬೇಕು.