ಭಾವಚಿತ್ರದ ವಿಮರ್ಶೆ: ಹಂಪಿ ಬಜಾರಿನ ಬೆಳಕಿನಲ್ಲಿ

ವಿರೂಪಾಕ್ಷ ದೇವಾಲಯದ ಮುಂಭಾಗದಿಂದ ಪೂರ್ವಕ್ಕೆ, ಮಾತಂಗ ಬೆಟ್ಟದ ಬುಡದಲ್ಲಿರುವ ಏಕಶಿಲಾ ನಂದಿಯವರೆಗೆ ಚಾಚಿಕೊಂಡಿರುವ ರಥಬೀದಿಯೇ ಹಂಪಿ ಬಜಾರ್. ಯಾತ್ರಿಕರು, ಪ್ರವಾಸಿಗರು ಇಲ್ಲಿ ನಿತ್ಯವೂ ಕ್ಯಾಮೆರಾಕ್ಕೆ ಮುಖವೊಡ್ಡುತ್ತಾರೆ. ಇಂತಹ ಅನೇಕ ಚಿತ್ರಗಳಲ್ಲಿ ಗೋಪುರ ಸ್ಪಷ್ಟ, ಮನುಷ್ಯ ಅಸ್ಪಷ್ಟ. ಅವನ್ನು ನೋಡಿ ಸ್ನೇಹಿತರು ಹೇಳುವ 'ಚೆನ್ನಾಗಿದೆ' ಎಂಬ ಮಾತಿನಿಂದ ಛಾಯಾಗ್ರಾಹಕನಿಗೆ ಪ್ರಯೋಜನವಿಲ್ಲ. ಮುಂದಿನ ಚಿತ್ರದಲ್ಲಿ ಏನನ್ನು ಬದಲಿಸಬೇಕೆಂದು ತಿಳಿಸುವುದೇ ನಿಜವಾದ ವಿಮರ್ಶೆ.

ಬೆಳಕು: ಗೋಪುರವನ್ನು ಹಿನ್ನೆಲೆಯಾಗಿಸಿ ನಿಂತವರ ಮುಖಕ್ಕೆ ಬೆಳಗಿನ ಬಿಸಿಲು ನೇರವಾಗಿ ಬಡಿಯುತ್ತದೆ, ಕಣ್ಣು ಕಿರಿದಾಗುತ್ತದೆ. ಮಧ್ಯಾಹ್ನವಾದರೆ ಕಣ್ಣುಗುಳಿಗಳಲ್ಲಿ ನೆರಳು ಕೂರುತ್ತದೆ. ಬೀದಿಯ ದಕ್ಷಿಣ ಸಾಲಿನ ಮಂಟಪಗಳು ಉತ್ತರಕ್ಕೆ ಮುಖ ಮಾಡಿವೆ. ವರ್ಷದ ಬಹುಭಾಗ ಅಲ್ಲಿನ ಅಂಚಿನ ನೆರಳಿನಲ್ಲಿ ಮೃದುವಾದ ಬೆಳಕು ದೊರೆಯುತ್ತದೆ. ಎರಡು ಹೆಜ್ಜೆ ಸರಿದು ನಿಂತರೆ ಮುಖವೇ ಬದಲಾಗುತ್ತದೆ.

ಎಕ್ಸ್‌ಪೋಷರ್: ಹಿನ್ನೆಲೆಯಲ್ಲಿ ಬಿಳಿ ಆಕಾಶವಿದ್ದರೆ ಕ್ಯಾಮೆರಾ ಮುಖವನ್ನು ಕಪ್ಪಾಗಿಸುತ್ತದೆ, ಮಂಟಪದ ಕತ್ತಲಿದ್ದರೆ ಅತಿಯಾಗಿ ಬೆಳಗಿಸುತ್ತದೆ. ಮೊದಲನೆಯದರಲ್ಲಿ ಒಂದು ಸ್ಟಾಪ್ ಹೆಚ್ಚಿಸಿ, ಎರಡನೆಯದರಲ್ಲಿ ಒಂದು ಸ್ಟಾಪ್ ತಗ್ಗಿಸಿ ನೋಡಬೇಕು.

ದೂರ: ಮೊಬೈಲನ್ನು ಮುಖದ ಸಮೀಪ ಹಿಡಿದರೆ ಮೂಗು ಉಬ್ಬಿ ಕಾಣುತ್ತದೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಬಳಸುವುದು ಲೇಸು. ಫೋಕಸ್ ಹತ್ತಿರದ ಕಣ್ಣಿನ ಮೇಲಿರಲಿ. ತಲೆಯಿಂದಲೇ ಕಂಬವೋ ಗೋಪುರವೋ ಮೊಳೆತಂತೆ ಕಂಡರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕು.

ತಿದ್ದುಪಡಿ ಫಲಿಸಿತೇ ಎಂದು ತಿಳಿಯಲು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಹಂಪಿಗೆ ಈ ಕ್ರಮ ಹೊಸದಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣಗಾಗದದ ನೆಗೆಟಿವ್‌ಗಳಲ್ಲಿ ಇಲ್ಲಿನ ಅವಶೇಷಗಳನ್ನು ಸೆರೆಹಿಡಿದಿದ್ದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ನೆಲೆಗಳಿಂದ ಮತ್ತೆ ಚಿತ್ರ ತೆಗೆದರು. 1971ರಲ್ಲಿ ಆರಂಭವಾದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಸಂಘಗಳು ಹವ್ಯಾಸಿಗಳಿಗೆ ಅನುಭವಿಗಳ ಅಭಿಪ್ರಾಯ ಪಡೆಯುವ ವೇದಿಕೆಯಾಗಿವೆ. ಅಲ್ಲಿ 'ಹೇಗಿದೆ?' ಎನ್ನುವುದಕ್ಕಿಂತ 'ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?' ಎಂದು ಕೇಳಿದರೆ ಉಪಯುಕ್ತ ಉತ್ತರ ಸಿಗುತ್ತದೆ.

ಆದರೆ ಮೊದಲ ವಿಮರ್ಶಕ ಚಿತ್ರದಲ್ಲಿರುವ ವ್ಯಕ್ತಿಯೇ. ಒಪ್ಪಿಗೆ ಪಡೆದು ತೆಗೆದ ಚಿತ್ರವನ್ನು ಅಲ್ಲೇ ತೋರಿಸಬೇಕು. ಆತ ತನ್ನನ್ನು ಗುರುತಿಸಿಕೊಂಡು ನಕ್ಕರೆ ಅರ್ಧ ಗೆದ್ದಂತೆ. ಮುಖ ತಿರುಗಿಸಿದರೆ ಮತ್ತೊಮ್ಮೆ ತೆಗೆಯಬೇಕು.

ಮತ್ತೊಮ್ಮೆ ತೆಗೆಯುವ ಅವಕಾಶ ಸದಾ ಇರುವುದಿಲ್ಲ. 2011ರ ಜುಲೈನಲ್ಲಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಅಲ್ಲಿ ಬಾಳಿದವರ ಭಾವಚಿತ್ರಗಳೇ ಇಂದು ಆ ಬದುಕಿನ ದಾಖಲೆ. ಮುಖ ನೆರಳಿನಲ್ಲಿ ಮರೆಯಾಗಿದ್ದರೆ ಆ ದಾಖಲೆಯನ್ನು ತಿದ್ದಲು ಈಗ ಯಾರಿಂದಲೂ ಆಗದು.